ಬೇಸಿಲ್ ಪೆಲ್ಕಿಯ ಪಟ್ಟಿ

ನನ್ನ ಮನೆಯ ಮುಂದೆ, ರಸ್ತೆಯಂಚಿನ ಕಂಬದ ಮೇಲಿರುವ ಅಂಚೆಪೆಟ್ಟಿಗೆಯನ್ನು ಬೇಸಿಲ್ ಪೆಲ್ಕಿ ಮೂರು ಸಲ ಉರುಳಿಸಿದ್ದಾನೆ. ಮೂರು ಸಲವೂ ಊರಿನ ಹಿಮ ತಳ್ಳುವ ಲಾರಿಯಲ್ಲಿ ಬಂದು, ಲಾರಿಯ ಮುಂದಿನ ಅಲಗಿನಿಂದ ಕಂಬಕ್ಕೆ ಗುದ್ದಿ, ನಿಲ್ಲಿಸದೆ ಹೋದ. ಮೂರು ಸಲವೂ ಮಧ್ಯಾಹ್ನ ತಾನೇ ಬಂದು, ನೆಲ ಹೆಪ್ಪುಗಟ್ಟಿ ಕಲ್ಲಾಗಿ ಗುಂಡಿ ತೋಡಲಾಗದ ಕಾರಣ, ಹಳೆಯ ಹಾಲಿನ ಕ್ಯಾನಿಗೆ ಮರಳು ತುಂಬಿ ಅದರಲ್ಲಿ ಕಂಬ ನಿಲ್ಲಿಸಿಕೊಟ್ಟ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ.

"ಪೆಟ್ಟಿಗೇನೇ ರಸ್ತೆಗೆ ಬಂದಿತ್ತು," ಅಂದ.

"ಹೌದಪ್ಪ, ಕಾಲು ಬಂದು ನಡ್ಕೊಂಡ್ ಹೋಗಿತ್ತು ಪಾಪ," ಅಂದೆ ನಾನು.

ನಾನು ಆರ್ಲೀನ್. ಇಪ್ಪತ್ತಾರು ವರ್ಷ ಈ ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು. ಅಂಚೆಯವಳ ಪೆಟ್ಟಿಗೆಯೇ ಮಣ್ಣು ಮುಕ್ಕಿತು ಎಂದು ಊರೆಲ್ಲ ನಕ್ಕಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬೇಸಿಲ್‌ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಕೂತಿದ್ದೇನೆ ನಿಜ, ಆದರೆ ಇದನ್ನು ಮೊದಲು ಹೇಳಿಬಿಡದಿದ್ದರೆ ಮುಂದಿನದು ನನ್ನಿಂದ ಹೊರಡುವುದಿಲ್ಲ.

ವರ್ಮಾಂಟ್ ರಾಜ್ಯದ ಈ ಉತ್ತರದ ತುದಿಯಲ್ಲಿ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್‌ವರೆಗೆ ಏಳುವುದಿಲ್ಲ. ಆ ಆರು ತಿಂಗಳು ಊರಿನ ರಸ್ತೆ ತೆರೆಯುವುದು ಬೇಸಿಲ್‌ನ ಕೆಲಸ. ಮೂವತ್ತನಾಲ್ಕು ವರ್ಷ ಮಾಡಿದ. ರಸ್ತೆ ತೆರೆಯುವ ಲಾರಿ ಪ್ರತಿ ಮನೆಯ ಬಾಯಿಗೂ ಒಂದು ರಾಶಿ ಹಿಮ ಒತ್ತಿಟ್ಟು ಹೋಗುತ್ತದೆ. ಮನೆಯವರು ಸಲಿಕೆ ಹಿಡಿದು ಬೈದುಕೊಳ್ಳುತ್ತಾ ಅದನ್ನು ಎತ್ತಬೇಕು. ವರ್ನಾ ಟಾಟ್ರೋಳ ಮನೆಯ ಮುಂದೆ ಮಾತ್ರ ಅವನು ಅಲಗು ಎತ್ತಿ, ರಾಶಿಯನ್ನು ಆಚೆ ಬೀಳಿಸಿ, ಮತ್ತೆ ಇಳಿಸುತ್ತಿದ್ದ. ಯಾಕೆಂದರೆ ವರ್ನಾ ಶಾಲೆಯ ಅಡುಗೆಯವಳು, ರಸ್ತೆಯವರ ಶೆಡ್ಡು ಶಾಲೆಯ ಪಕ್ಕದಲ್ಲೇ ಇತ್ತು, ಮಧ್ಯಾಹ್ನ ಅವನ ತಟ್ಟೆಗೆ ಅವಳು ಎರಡು ಸೌಟು ಹೆಚ್ಚಿಗೆ ಬಡಿಸುತ್ತಿದ್ದಳು. ಲಂಚ ಕಣೇ ಅದು ಎಂದು ನಾನು ಅವಳ ಮುಖದ ಮೇಲೇ ಹೇಳಿದ್ದೇನೆ. ಹೊಟ್ಟೆಕಿಚ್ಚು ಕಣೇ ನಿಂಗೆ ಎಂದು ಅವಳೂ ನನ್ನ ಮುಖದ ಮೇಲೇ ಹೇಳಿದ್ದಾಳೆ.

ಬೇಸಿಲ್ ಎತ್ತರದ ಆಳಲ್ಲ. ಅಗಲ. ಲಾರಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಚರ್ಚಿನಲ್ಲೂ ಕೂಗಿಯೇ ಮಾತಾಡುವ ಅಭ್ಯಾಸ. ಅವನ ತಂದೆ ಅಲ್ಸೀಡ್ ಗಡಿಯಾಚೆ ಕ್ವೆಬೆಕ್‌ನಿಂದ ಬಂದವರು. ಆಶ್ ಎಂಬ ಮರದ ಪಟ್ಟಿಯನ್ನು ಹಬೆಯಲ್ಲಿ ಬಗ್ಗಿಸಿ, ಹಸಿ ತೊಗಲಿನ ದಾರದಲ್ಲಿ ಹೆಣೆದು ಹಿಮದ ಮೆಟ್ಟು ಮಾಡುತ್ತಿದ್ದರು. ಬೂಟಿನ ಕೆಳಗೆ ಕಟ್ಟಿಕೊಂಡರೆ ಮೊಣಕಾಲುದ್ದ ಹಿಮದಲ್ಲೂ ಹೂತುಹೋಗದೆ ನಡೆಯಬಹುದಾದ ಅಗಲದ ಮೆಟ್ಟು. ಈಗ ನಾವೆಲ್ಲ ಡ್ವೈಟ್ ಪ್ಲಮ್ಲಿಯ ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಮೆಟ್ಟು ಹಾಕುತ್ತೇವೆ, ರಬ್ಬರ್ ಪಟ್ಟಿ ಎಳೆದರೆ ಮುಗಿಯಿತು. ಬೇಸಿಲ್ ಮಾತ್ರ ಅಪ್ಪ ಮಾಡಿದ್ದನ್ನೇ ಹಾಕುತ್ತಾನೆ, ಚರ್ಮದ ಪಟ್ಟಿಯದು.

ಅರವತ್ತಾರಕ್ಕೆ ನಿವೃತ್ತನಾದ ವರ್ಷ ಮೊದಲ ಹಿಮ ಬಿದ್ದ ಬೆಳಿಗ್ಗೆ, ಅವನು ಬೂಟು ಹಾಕಿಕೊಂಡು, ಟೋಪಿ ಹಾಕಿಕೊಂಡು, ಅಡುಗೆಮನೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದನಂತೆ. ಹೊರಗೆ ಬೇರೆ ಯಾರೋ ಲಾರಿ ಓಡಿಸುತ್ತಿದ್ದ ಸದ್ದು. ಅವನ ಹೆಂಡತಿ ಲ್ಯೂಸಿಲ್ ಒಂದು ಗಂಟೆ ನೋಡಿದಳು, ಎರಡು ಗಂಟೆ ನೋಡಿದಳು. ಆಮೇಲೆ ಅವಳಿಗೆ ತಡೆಯಲಿಲ್ಲ.

"ಹೋಗಿ ಏನಾದ್ರೂ ತೆರಿ, ಮಾರಾಯ. ಏನಾದ್ರೂ ಸರಿ. ನನ್ ಅಡುಗೆಮನೇಲಿ ಕೂರ್ಬೇಡ."

ಅವನು ಗೋಡೆಯ ಮೊಳೆಯಿಂದ ಮೆಟ್ಟು ಇಳಿಸಿಕೊಂಡು ಹೋಗಿ ಹ್ಯಾಸ್ಕಿನ್ ಗುಡ್ಡದ ದಾರಿ ತೆರೆದ.

ಹ್ಯಾಸ್ಕಿನ್ ಗುಡ್ಡ ದೊಡ್ಡದೇನಲ್ಲ. ಒಂದೂಕಾಲು ಮೈಲಿ ದಾರಿ, ಏಳುನೂರು ಅಡಿ ಏರು. ಬೇಸಿಗೆಯಲ್ಲಿ ಮಕ್ಕಳು ಓಡಿಕೊಂಡು ಹತ್ತುತ್ತವೆ. ಆದರೆ ಹೊಸ ಹಿಮ ಬಿದ್ದಾಗ ಮೊದಲು ಹೋಗುವವನ ಪಾಡು ಬೇರೆ. ಒಂದೊಂದು ಹೆಜ್ಜೆಗೂ ಕಾಲು ಮೇಲಕ್ಕೆತ್ತಿ, ಹಿಮ ತುಳಿದು, ಅದುಮಿ, ಮತ್ತೆ ಎತ್ತಬೇಕು. ಅವನ ಹಿಂದಿನವನಿಗೆ ಅರ್ಧ ಕಷ್ಟ. ಮೂರನೆಯವನಿಗೆ ಮನೆಯ ಹಜಾರದಲ್ಲಿ ನಡೆದಂತೆ. ಬೇಸಿಲ್ ತೆರೆದ ದಾರಿಯಲ್ಲಿ ಮೊದಲು ವರ್ನಾ ಹೋದಳು, ಆಮೇಲೆ ನಾನು, ಆಮೇಲೆ ಅಂಗಡಿಯನ್ನು ಮಗಳಿಗೆ ವಹಿಸಿ ಡ್ವೈಟ್. ಹೀಗೆ ನಾಲ್ವರ ಬುಧವಾರದ ಗುಂಪಾಯಿತು. ಏಳು ವರ್ಷ ಒಂದು ಬುಧವಾರವೂ ತಪ್ಪಲಿಲ್ಲ, ಡ್ವೈಟ್‌ಗೆ ಹರ್ನಿಯಾ ಆದ ಚಳಿಗಾಲವೊಂದನ್ನು ಬಿಟ್ಟರೆ.

ನಮ್ಮ ಕಡೆ ಗುಡ್ಡದ ಮೇಲೆ ಯಾರೂ ಸುಸ್ತಾಯಿತು ಎನ್ನುವುದಿಲ್ಲ. ಅದು ನಮ್ಮ ಅಜ್ಜಂದಿರ ಕಾಲದಿಂದ ಬಂದ ಮರ್ಯಾದೆ. ದಣಿವಾದವನು "ಪಟ್ಟಿ ಸಡಿಲ ಆಯ್ತು" ಎನ್ನುತ್ತಾನೆ. ಪಕ್ಕಕ್ಕೆ ಸರಿದು, ಬಗ್ಗಿ, ಮೆಟ್ಟಿನ ಪಟ್ಟಿ ಬಿಗಿಯುವ ಹಾಗೆ ಮಾಡುತ್ತಾ ಉಸಿರು ಹಿಡಿದುಕೊಳ್ಳುತ್ತಾನೆ. ಉಳಿದವರು ದಾಟಿ ಹೋಗಬೇಕು. ಅವನ ಮುಖ ನೋಡಬಾರದು, ಕಾಲನ್ನಂತೂ ನೋಡಲೇಬಾರದು. ಮರಗಳ ಕಡೆ ನೋಡುತ್ತಾ "ನೋಟ ಚೆನ್ನಾಗಿದೆ" ಎನ್ನಬೇಕು. ಎಲ್ಲರೂ ದಾಟಿದ ಮೇಲೆ ಅವನು ಸಾಲಿನ ಬಾಲಕ್ಕೆ ಸೇರಿಕೊಳ್ಳುತ್ತಾನೆ. ಕೈ ಚಾಚಿದರೆ ಕೈ ಕಾಣದಂಥ ಮಂಜಿನಲ್ಲಿ ನಿಂತು ಡ್ವೈಟ್ "ಅಬ್ಬಾ, ನೋಟ!" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಏಳು ವರ್ಷದಲ್ಲಿ ನನ್ನ ಪಟ್ಟಿ ಸಡಿಲವಾದದ್ದಕ್ಕೆ ಮಿತಿಯಿಲ್ಲ. ಬೇಸಿಲ್‌ನದು ಒಮ್ಮೆಯೂ ಆಗಲಿಲ್ಲ. ಬುಡದಿಂದ ತುದಿವರೆಗೆ ಅವನೇ ಮುಂದೆ, ಅವನ ಅಗಲ ಬೆನ್ನು ನೋಡಿಕೊಂಡು ನಾವು ಹಿಂದೆ.

ಹೋದ ಅಕ್ಟೋಬರಿನಲ್ಲಿ ಸೌದೆ ಒಟ್ಟುವಾಗ ಬೇಸಿಲ್‌ಗೆ ಎದೆ ಹಿಡಿದುಕೊಂಡಿತು. ದೊಡ್ಡ ಆಸ್ಪತ್ರೆಗೆ ಒಯ್ದರು, ಎರಡು ಸ್ಟೆಂಟ್ ಹಾಕಿದರು. ಹನ್ನೊಂದು ದಿನ ಮಲಗಿದ್ದು ಬಂದ. ಜನವರಿಯಲ್ಲಿ ಒಂದು ಮಂಗಳವಾರ ಎರಡು ಅಡಿ ಹಿಮ ಬಿತ್ತು. ಅವತ್ತು ಮಧ್ಯಾಹ್ನ ಲ್ಯೂಸಿಲ್ ನನಗೆ ಫೋನ್ ಮಾಡಿದಳು.

"ನಾಳೆ ಬರ್ತಾನಂತೆ ಕಣೇ. ಹತ್ತಬಹುದು, ತುಳಿದ ದಾರೀಲಿ ನಿಧಾನ ಹತ್ತಬಹುದು ಅಂದಿದಾರೆ ಡಾಕ್ಟ್ರು. ಹೊಸ ಹಿಮ ತುಳಿದ್ಕೊಂಡು ಮುಂದೆ ಮಾತ್ರ ಹೋಗಕೂಡದು ಅಂತ ಕಡ್ಡಿ ಮುರಿದ ಹಾಗೆ ಹೇಳಿದಾರೆ. ಹೋದ್ರೆ ಅಲ್ಲೇ ಮುಗೀಬಹುದು ಅಂದ್ರು, ಆರ್ಲೀನ್. ಅವನ ಎದುರಿಗೇ ಅಂದ್ರು."

"ಅದಕ್ಕೆ ಅವನೇನಂದ?"

"ಆಸ್ಪತ್ರೆ ಪಾರ್ಕಿಂಗ್ ಜಾಗದ ಹಿಮಾನೇ ಸರಿಯಾಗಿ ತೆರೆದಿಲ್ಲ ನಿಮ್ಮೋರು ಅಂತ ಡಾಕ್ಟ್ರಿಗೇ ಅಂದ."

"ನೀನೇ ಹೇಳ್ಬಾರ್ದೇನೇ?"

"ನಾನು ಹೇಳಿದ್ರೆ ಒಂದು ವಾರ ಮಾತು ಬಿಡ್ತಾನೆ, ನಂಗೆ ಕಷ್ಟ. ನಿನ್ ಹತ್ರ ಮಾತು ಬಿಟ್ರೆ ನಿಂಗೇನಾಗ್ಬೇಕು?"

ಮಾತು ಸರಿಯೇ. ಆದರೆ ಇನ್ನೊಬ್ಬನಿಗೆ ನಿನಗೆ ಆಗುವುದಿಲ್ಲ, ಹಿಂದೆ ಬಾ ಎಂದು ಹೇಳುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಅವನ ಪಟ್ಟಿ ಸಡಿಲವಾಗಿದೆ ಎಂದು ಅವನೇ ಹೇಳಬೇಕು. ನಾನು ವರ್ನಾಗೆ ಫೋನ್ ಮಾಡಿದೆ, ವರ್ನಾ ಡ್ವೈಟ್‌ಗೆ ಮಾಡಿದಳು. ಮೂವರೂ ಸೇರಿ ಒಂದು ಉಪಾಯ ಮಾಡಿದೆವು. ಉಪಾಯ ವರ್ನಾಳದು, ಅದಕ್ಕೇ ಹಾಗಾಯಿತು.

ಬುಧವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಸೇರಿದೆವು. ಬೇಸಿಲ್ ಆಗಲೇ ಮೆಟ್ಟು ಕಟ್ಟಿಕೊಂಡು ನಿಂತಿದ್ದ. ಹದಿನೈದು ಪೌಂಡಾದರೂ ಇಳಿದಿದ್ದ, ಕೋಟು ಭುಜದ ಮೇಲೆ ನೇತಾಡುತ್ತಿತ್ತು. ನಾನು ಅವನನ್ನು ದಾಟಿ ಮುಂದೆ ನಿಂತೆ.

"ಇವತ್ತು ನಾನು ಮುಂದೆ."

"ಯಾಕೆ?"

"ಆಸೆ ಆಯ್ತು."

"ನಿಂಗೆ ಆಸೆ! ಹೋದ್ ವರ್ಷ ಹತ್ತು ಹೆಜ್ಜೆಗೆ ಪಟ್ಟಿ ಸಡಿಲ ಮಾಡ್ಕೊಂಡೋಳು ನೀನು. ಸರಿ ಆ ಕಡೆ," ಎಂದು ನನ್ನನ್ನು ಕೋಲಿನಿಂದ ಸರಿಸಿ ಹೊರಟೇಬಿಟ್ಟ. ಹಿಮ ಅವನ ಮೊಣಕಾಲಿನ ತನಕ ಇತ್ತು.

ಇಪ್ಪತ್ತು ಹೆಜ್ಜೆಗೆ ಡ್ವೈಟ್ ಕೂಗಿದ, "ನನ್ ಪಟ್ಟಿ ಸಡಿಲ ಆಯ್ತು!" ಹಿಂದಿನವನು ಹಾಗಂದರೆ ಮುಂದಿನವನು ನಿಂತು ಕಾಯಬೇಕು, ಅದೂ ಮರ್ಯಾದೆ. ಬೇಸಿಲ್ ನಿಂತ. ಮತ್ತೆ ಇಪ್ಪತ್ತು ಹೆಜ್ಜೆಗೆ ವರ್ನಾಳದು ಸಡಿಲವಾಯಿತು. ಆಮೇಲೆ ನನ್ನದು. ಆಮೇಲೆ ಡ್ವೈಟ್‌ನ ಇನ್ನೊಂದು ಕಾಲಿನದು. ನಾವು ಅಂದುಕೊಂಡಿದ್ದೇನೆಂದರೆ, ಹೀಗೆ ನಿಲ್ಲಿಸಿ ನಿಲ್ಲಿಸಿ ಹೋದರೆ ಅವನಿಗೂ ಉಸಿರಾಡಲು ಪುರುಸೊತ್ತು ಸಿಗುತ್ತದೆ, ಬೇಜಾರಾಗಿ ಮುಂದಿನ ಜಾಗವನ್ನೂ ಬಿಟ್ಟುಕೊಡುತ್ತಾನೆ. ಹಳ್ಳದ ಹಲಗೆ ಸೇತುವೆ ತಲುಪುವಷ್ಟರಲ್ಲಿ ಒಂಬತ್ತು ಸಲ ಆಗಿತ್ತು. ಬೇಸಿಲ್ ತಿರುಗಿ ನಿಂತ.

"ಡ್ವೈಟ್, ಇವೆಲ್ಲ ನಿನ್ ಅಂಗಡೀವೇ ತಾನೇ? ನಾಚಿಕೆ ಆಗಲ್ವೇನಯ್ಯ, ಇಂಥ ಲಡ್ಡು ಮಾಲು ಮಾರೋಕೆ?"

ಡ್ವೈಟ್ ಸಾಧು ಮನುಷ್ಯ. ಆದರೆ ಅಂಗಡಿಯ ಮಾತು ಬಂದರೆ ಅವನಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ.

"ನನ್ ಪಟ್ಟಿಗಳಿಗೆ ಏನಾಗಿದ್ಯಯ್ಯ? ಒಂದೂ ಸಡಿಲ ಆಗಿಲ್ಲ!" ಎಂದು ಕೂಗಿಯೇಬಿಟ್ಟ.

ಹಳ್ಳದ ಮಂಜುಗಡ್ಡೆಯ ಕೆಳಗೆ ನೀರು ಓಡುವುದು ಕೇಳಿಸಿತು. ವರ್ನಾ ಮೇಲೆ ನೋಡಿ, "ಅಲ್ಲಿ ಮರಕುಟಿಗ," ಅಂದಳು. ಯಾವ ಮರಕುಟಿಗವೂ ಇರಲಿಲ್ಲ.

"ಲ್ಯೂಸಿಲ್ ಫೋನ್ ಮಾಡಿದ್ಲಾ?" ಬೇಸಿಲ್ ನನ್ನನ್ನೇ ಕೇಳಿದ.

ಅಲ್ಲೇ ಹೇಳಿಬಿಡಬಹುದಿತ್ತು. ಹೌದು ಮಾಡಿದ್ಳು, ಹಿಂದೆ ಬಾ, ನೀನು ಸತ್ತರೆ ನಮಗೆ ಆಗಲ್ಲ ಎನ್ನಬಹುದಿತ್ತು. ಇಪ್ಪತ್ತಾರು ವರ್ಷ ಕಿಟಕಿಯಲ್ಲಿ ಕೂತು ಯಾರ್ಯಾರಿಗೋ ಏನೇನೋ ಅಂದ ಈ ಬಾಯಿ ಅವತ್ತು ಹೊಲಿದುಕೊಂಡಿತು. ಅವನು ತಿರುಗಿ ಹೊರಟ. ಸಿಟ್ಟಿನಲ್ಲಿ ಮೊದಲಿಗಿಂತ ಜೋರಾಗಿ ಹೊರಟ. ಇನ್ನು ಯಾರ ಪಟ್ಟಿ ಸಡಿಲವಾದರೂ ಅವನು ನಿಲ್ಲುವುದಿಲ್ಲವೆಂದು ಮೂವರಿಗೂ ಗೊತ್ತಾಯಿತು. ಮಾಡಿದ ಉಪಾಯ ನಮ್ಮ ಕುತ್ತಿಗೆಗೇ ಬಂದಿತ್ತು. ನಾನು ಅವನ ಹಿಂದೆಯೇ ಇದ್ದೆ. ಅವನ ಉಸಿರು ಗರಗಸದಂತೆ ಕೇಳುತ್ತಿತ್ತು. ನನಗೆ ಭಯವಾಯಿತು. ಈ ಮುದುಕ ನನ್ನ ಕಣ್ಣೆದುರಿಗೇ ಬೀಳುತ್ತಾನೆ, ನಾನು ಮರ್ಯಾದೆ ಮರ್ಯಾದೆ ಎಂದು ನೋಡುತ್ತಾ ಇರುತ್ತೇನೆ ಎಂದು ಭಯವಾಯಿತು.

ತುದಿಗೆ ಕಾಲು ಮೈಲಿ ಇರುವಾಗ ಬಂಡೆಗಳ ನಡುವೆ ಒಂದು ಇಕ್ಕಟ್ಟಾದ ಏರು ಬರುತ್ತದೆ. ಅದರ ಅರ್ಧದಲ್ಲಿ ಬೇಸಿಲ್ ನಿಂತ. ಪಕ್ಕಕ್ಕೆ ಸರಿದು, ಒಂದು ಸ್ಪ್ರೂಸ್ ಮರಕ್ಕೆ ಕೈಯೂರಿ ಬಗ್ಗಿದ.

"ನನ್ ಪಟ್ಟಿ ಹೋಯ್ತು," ಅಂದ.

ಬೆಳಗಿನಿಂದ ಈ ಮಾತಿಗಾಗಿಯೇ ಹತ್ತು ವೇಷ ಹಾಕಿದ್ದೆವು. ಈಗ ಬಂದಿತ್ತು. ಏಳು ವರ್ಷದಲ್ಲಿ ಮೊದಲ ಸಲ. ನಾನು ಅವನ ಮುಖ ನೋಡದೆ, ಕಾಲು ನೋಡದೆ ದಾಟಿದೆ. "ನೋಟ ಚೆನ್ನಾಗಿದೆ," ಅಂದೆ. ವರ್ನಾ ದಾಟಿದಳು, ಅವಳು ಮೂಗು ಎಳೆಯುವುದು ಕೇಳಿತು. ಡ್ವೈಟ್ ಟೋಪಿ ತೆಗೆದು ದಾಟಿದ, ಸತ್ತವರ ಮನೆಯ ಮುಂದೆ ಹೋಗುವ ಹಾಗೆ. ನಾನು ಮುಂದಿನವಳಾಗಿ ಹೊಸ ಹಿಮ ತುಳಿಯಲು ಶುರುಮಾಡಿದೆ.

"ಏಯ್!" ಎಂದು ಹಿಂದಿನಿಂದ ಕೇಳಿತು.

ಯಾರೂ ತಿರುಗಲಿಲ್ಲ.

"ಏಯ್, ನಿಜವಾಗ್ಲೂ ಹೋಗಿದೆ ಕಣ್ರೋ!"

"ಹೌದು ಬೇಸಿಲ್, ನಿಜ, ನಿಜ," ಅಂದ ಡ್ವೈಟ್, ಮುಂದೆ ನೋಡುತ್ತಲೇ.

"ಕಿತ್ತೇ ಹೋಗಿದೆ! ಕಾಲು ಹೂತ್ಕೊಂಡಿದೆ!"

"ನಿಧಾನ ಬಾ, ಅವಸರ ಏನಿಲ್ಲ," ಎಂದು ವರ್ನಾ ಕಣ್ಣೊರೆಸಿಕೊಂಡಳು.

ಆಮೇಲೆ ಅವನು ತಂದೆಯಿಂದ ಕಲಿತ ಕ್ವೆಬೆಕ್‌ನ ಬೈಗುಳಗಳನ್ನು ಶುರುಮಾಡಿದ. ಅಲ್ಲಿಯವರ ಬೈಗುಳವೆಂದರೆ ಚರ್ಚಿನ ಪವಿತ್ರ ಸಾಮಾನುಗಳ ಹೆಸರು, ಅವನು ಒಂದೂ ಬಿಡಲಿಲ್ಲ. ಮೇಣದಬತ್ತಿಗೆ ಬಂದಾಗ ನಾನು ತಿರುಗಿದೆ. ಬೇಸಿಲ್ ತೊಡೆಯವರೆಗೆ ಒಂದು ಕಾಲು ಹೂತು ಹಿಮದಲ್ಲಿ ಕೂತಿದ್ದ. ಕೈಯಲ್ಲಿ ಎತ್ತಿ ಹಿಡಿದ ಮೆಟ್ಟಿನಿಂದ ಚರ್ಮದ ಪಟ್ಟಿ ಎರಡು ತುಂಡಾಗಿ ನೇತಾಡುತ್ತಿತ್ತು. ಪ್ರತಿ ಅಕ್ಟೋಬರಿನಲ್ಲಿ ಅವನು ಆ ಚರ್ಮಕ್ಕೆ ಎಣ್ಣೆ ಹಚ್ಚುತ್ತಿದ್ದ. ಈ ಅಕ್ಟೋಬರಿನಲ್ಲಿ ಆಸ್ಪತ್ರೆಯಲ್ಲಿದ್ದ, ಚರ್ಮ ಒಣಗಿ ಸೀಳಿತ್ತು.

ಮೂವರೂ ಓಡಿ ಇಳಿದೆವು, ಮೆಟ್ಟು ಕಟ್ಟಿಕೊಂಡು ಓಡುವುದಕ್ಕೆ ಓಟ ಎನ್ನಬಹುದಾದರೆ. ಅವನನ್ನು ಎಳೆದು ಬಂಡೆಯ ಮೇಲೆ ಕೂರಿಸಿದೆವು. ಅವನು ತುಂಡಾದ ಪಟ್ಟಿಯನ್ನು ಒಬ್ಬೊಬ್ಬರ ಮೂಗಿನ ಮುಂದೂ ಹಿಡಿದ.

"ಇದೇನು? ನೋಡು! ಇದೇನು? ಇದು ಸಡಿಲಾನಾ?"

ಡ್ವೈಟ್‌ಗೆ ಮೊದಲು ನಗು ಬಂತು. ಆಮೇಲೆ ನನಗೆ. ವರ್ನಾ ಅಳುತ್ತಲೇ ನಕ್ಕಳು. ಬೇಸಿಲ್ ನಗಲಿಲ್ಲ. ಆಗ ಅವನ ಮುಖ ನೋಡಿದೆ. ಬೂದಿ ಬಣ್ಣಕ್ಕೆ ತಿರುಗಿತ್ತು, ಆ ಚಳಿಯಲ್ಲೂ ಬೆವರು.

"ಎದೆ ನೋವಿದ್ಯಾ?" ವರ್ನಾ ನೇರ ಕೇಳಿದಳು.

"ಇಲ್ಲ. ಉಸಿರು ಅಷ್ಟೆ."

ಚಹಾ ಕುಡಿಸಿದೆವು. ಸುಮ್ಮನೆ ಕೂರಿಸಿದೆವು. ಡ್ವೈಟ್ ಹುಲ್ಲಿನ ಹೊರೆ ಕಟ್ಟುವ ಹುರಿಯನ್ನು ಜೇಬಿನಿಂದ ತೆಗೆದು ಮೆಟ್ಟನ್ನು ಬೂಟಿಗೆ ಸುತ್ತಿ ಸುತ್ತಿ ಕಟ್ಟಿದ. ಅರ್ಧ ಗಂಟೆಗೆ ಬೇಸಿಲ್‌ನ ಮುಖಕ್ಕೆ ಬಣ್ಣ ಬಂತು. ಇಳಿಯೋಣ ಅಂದೆ. ಇಲ್ಲಿವರೆಗೆ ಬಂದು ಇಳಿಯಲ್ಲ, ಆದರೆ ಪಕ್ಕಕ್ಕೆ ಸರಿದವನು ಬಾಲಕ್ಕೆ, ಅದು ನಿಯಮ ಎಂದು ತಾನೇ ಹಿಂದೆ ನಿಂತ. ಉಳಿದ ಕಾಲು ಮೈಲಿ ನಾನೂ ವರ್ನಾಳೂ ಸರದಿಯಲ್ಲಿ ದಾರಿ ತೆರೆದೆವು. ನಲವತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆವು. ಏಳು ವರ್ಷ ಆ ಮನುಷ್ಯ ನಮಗಾಗಿ ಏನು ಮಾಡಿದ್ದ ಎಂದು ನನ್ನ ತೊಡೆಗಳಿಗೆ ಅವತ್ತು ಅರ್ಥವಾಯಿತು.

ತುದಿಯಲ್ಲಿ ಬೋಳು ಬಂಡೆ, ಅದರ ಕೆಳಗೆ ಗಾಳಿ ಬೀಳದ ಒಂದು ಮೂಲೆ. ಅಲ್ಲಿ ಕೂತು ವರ್ನಾ ಮಾಡಿದ ಡೋನಟ್ಟನ್ನು ಉಪ್ಪಿನಲ್ಲಿ ಹಾಕಿದ ಸೌತೆಯ ಜೊತೆ ತಿಂದೆವು. ಬೇಸಿಲ್ ಎರಡು ತಿಂದ.

"ಹಿಂದೆ ನಡೆಯೋದು ಇಷ್ಟು ಸಲೀಸಾ?" ಅಂದ. "ಏಳು ವರ್ಷ ನೀವೆಲ್ಲ ಹೀಗೇ ಬರ್ತಿದ್ರಾ, ಪುಕ್ಕಟೆ?"

"ಹೂಂ. ನೀನು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ," ಅಂದಳು ವರ್ನಾ.

ಅವನು ಡೋನಟ್ಟಿನ ಸಕ್ಕರೆಯನ್ನು ಕೈಗವಸಿನಿಂದ ಒರೆಸಿಕೊಂಡ. ಆಮೇಲೆ, ನಾನು ಅವನನ್ನು ಬಲ್ಲ ಅಷ್ಟು ವರ್ಷದಲ್ಲಿ ಮೊದಲ ಸಲ, ಮೆಲ್ಲನೆ ಮಾತಾಡಿದ.

"ಅಕ್ಟೋಬರಿಂದ ಭಯ ನಂಗೆ. ಇವತ್ತೂ ಅಷ್ಟೆ. ಆ ಮರದ ಹತ್ರ ಆಗುತ್ತಾ, ಈ ಮರದ ಹತ್ರ ಆಗುತ್ತಾ ಅಂತ. ಮುಂದೆ ಇದ್ರೆ ಮುಖ ಯಾರಿಗೂ ಕಾಣಲ್ಲ. ಬೆನ್ನು ನೋಡಿ ಏನು ಗೊತ್ತಾಗುತ್ತೆ ನಿಮಗೆ? ಅದಕ್ಕೇ ಮುಂದೆ ಹೋದೆ."

ಡ್ವೈಟ್ ತನ್ನ ಡೋನಟ್ಟನ್ನು ತೊಡೆಯ ಮೇಲಿಟ್ಟ.

"ಬಾಲದಲ್ಲಿ ಇದ್ರೂ ಮುಖ ಕಾಣಲ್ಲ," ಎಂದು ಅವನೇ ಮುಂದುವರಿಸಿದ. "ಆದ್ರೆ ಅಲ್ಲಿ ಬಿದ್ರೆ ಕೂಗ್ಬೇಕು. ಕೂಗಿದ್ರೂ ನೀವು ಯಾರೂ ಬರಲ್ಲ. ಅದು ಇವತ್ತು ಗೊತ್ತಾಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ. ನನಗೆ ನನ್ನ ಮೇಲೇ ಅಸಹ್ಯವಾಯಿತು. ನಿಜವಾಗಿ ಎದೆಯೇ ಹಿಡಿದುಕೊಂಡಿದ್ದರೂ ನಾನು ಮರ ನೋಡಿಕೊಂಡು ದಾಟಿ ಹೋಗುತ್ತಿದ್ದೆ. ಹೋಗಿದ್ದೆ ಕೂಡ.

"ನಂಗೆ ಸುಸ್ತಾಗಿದೆ," ಅಂದೆ ನಾನು. ಗುಡ್ಡದ ಮೇಲೆ ಆ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ಕಾಲು ನಡುಗ್ತಿದೆ. ಏಳು ವರ್ಷದಿಂದ ಪ್ರತೀ ಬುಧವಾರ ಸುಸ್ತಾಗಿದೆ. ಬಾ, ನೀನು ನಡುವೆ ನಡಿ. ಮುಂದೆ ವರ್ನಾ, ನಿನ್ ಹಿಂದೆ ನಾನು."

"ನಂಗೂ ಸುಸ್ತಾಗಿದೆ," ಅಂದ ಡ್ವೈಟ್, ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದವನ ಹಾಗೆ.

"ನಂಗಿಲ್ಲಪ್ಪ," ಅಂದಳು ವರ್ನಾ. ಆಮೇಲೆ, "ಸ್ವಲ್ಪ," ಅಂದಳು.

ಇಳಿಯುವಾಗ ದಾರಿ ತೆರೆದೇ ಇತ್ತು, ಯಾರೂ ಏನೂ ತುಳಿಯಬೇಕಿರಲಿಲ್ಲ. ಬೇಸಿಲ್ ಒಂದೂ ಮಾತಾಡದೆ ನನ್ನ ಮುಂದೆ ನಡೆದ. ನಾವು ಹೇಳಿದ್ದನ್ನು ಒಪ್ಪಿದನೋ, ನಮ್ಮ ಜೊತೆ ಮಾತು ಬಿಟ್ಟನೋ ಎಂದು ನನಗೆ ಗೊತ್ತಾಗಲಿಲ್ಲ. ಇಕ್ಕಟ್ಟಾದ ಏರು ಇಳಿದು, ಹಳ್ಳದ ಹಲಗೆಗಳು ಕಾಣುವ ತನಕ ಹಾಗೇ ಬಂದೆವು. ಅಲ್ಲಿ ಅವನು ನಿಂತ. ಪಕ್ಕಕ್ಕೆ ಸರಿಯಲಿಲ್ಲ, ಬಗ್ಗಲಿಲ್ಲ. ದಾರಿಯ ನಟ್ಟನಡುವೆ ಕೋಲು ಊರಿಕೊಂಡು ನಿಂತ.

"ಸುಸ್ತಾಗಿದೆ," ಅಂದ.

ವರ್ನಾ ಮುಂದಿನಿಂದ ತಿರುಗಿದಳು. ನಾನೂ ಡ್ವೈಟೂ ಹಿಂದಿನಿಂದ ಅವನ ಪಕ್ಕಕ್ಕೆ ಬಂದೆವು. ಮೂವರೂ ಅವನ ಮುಖವನ್ನೇ ನೋಡಿದೆವು. ಬೇಸಿಲ್ ಟೋಪಿಯನ್ನು ಹಣೆಯಿಂದ ಹಿಂದಕ್ಕೆ ಸರಿಸಿ, ನಮಗೆ ನೋಡಲು ಬಿಟ್ಟ.